ಕಡಿದ ಮರದ ಬೊಡ್ಡೆ ತೆಗೆಸೋದು ಹೇಗೆ? ಮನೆ ಹಿಂದೆ ಒಂದು, ಅಂಗಡಿ ಮುಂದೆ ಒಂದು

ಹಿತ್ತಲ_ಮನೆ:

ಎಲ್ರಿಗೂ ನಮಸ್ಕಾರ. ಮರ ಕಡಿಯೋರು ಬಂದ್ರು, ಕಡಿದ್ರು, ಕೊಂಬೆ ದಿಮ್ಮಿ ಎಲ್ಲಾ ಲೋಡ್ ಮಾಡ್ಕೊಂಡು ಹೋದ್ರು, ಬೊಡ್ಡೆ ಮಾತ್ರ ಹಾಗೇ ಬಿಟ್ಟಿದಾರೆ, ಕೇಳಿದ್ರೆ ಅದು ನಮ್ ಕೆಲ್ಸ ಅಲ್ಲ ಸಾರ್ ಅಂತಾರೆ. ಒಟ್ಟು ಎರಡಿದೆ. ಒಂದು ಮನೆ ಹಿಂದೆ ಬೇವಿಂದು, ಎರಡಡಿ ಅಗಲ ಇರ್ಬೋದು, ಕಾಂಪೌಂಡ್ ಗೋಡೆಯಿಂದ ನಾಲ್ಕಡಿ ದೂರ, ನೆಲಕ್ಕೆ ಸಮವಾಗಿ ಕಡಿದಿದಾರೆ, ಆಗ್ಲೇ ಸುತ್ತ ಕೆಂಪಗೆ ಚಿಗುರು ಬರ್ತಿದೆ. ಇನ್ನೊಂದು ನಮ್ ಅಂಗಡಿ ಕಾಂಪ್ಲೆಕ್ಸ್ ಮುಂದೆ ಇರೋ ಗುಲ್ಮೊಹರ್, ಇದು ದೊಡ್ಡದು, ಸೊಂಟದೆತ್ತರ ಬಿಟ್ಟಿದಾರೆ, ಬೇರು ನೆಲದ ಮೇಲೇ ಹೆಬ್ಬಾವಿನ ಥರ ಬಿದ್ಕೊಂಡಿದೆ, ಬಂದ ಗಿರಾಕಿಗಳು ಎಡವ್ತಾರೆ. ಅಲ್ಲಿ ಪೇವರ್ ಹಾಕಿಸಿ ಪಾರ್ಕಿಂಗ್ ಮಾಡ್ಬೇಕು, ಮೂಲೇಲಿ ಒಂದು ಚಿಕ್ಕ ಸೆಕ್ಯೂರಿಟಿ ರೂಮ್ ಕಟ್ಟೋ ಯೋಚ್ನೆನೂ ಇದೆ.

ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಉಪ್ಪು ಸುರಿ, ಡೀಸೆಲ್ ಹಾಕಿ ಬೆಂಕಿ ಇಡು, ಜೆಸಿಬಿ ಕರ್ಸು, ಗ್ರೈಂಡರ್ ಮೆಷಿನ್ ತರ್ಸು, ಏನೂ ಬೇಡ ತಾನಾಗೇ ಕೊಳೆಯತ್ತೆ ಬಿಡು. ನಿಜವಾಗ್ಲೂ ಮಾಡ್ಸಿರೋರು ಯಾರಾದ್ರೂ ಇದ್ರೆ ಹೇಳಿ.

ಸುಮ್ನೆ_ಓದೋನು:

ಹಿತ್ತಲಿಂದು ಬಿಡಿ ಸಾರ್, ಮೇಲೊಂದು ಹೂಕುಂಡ ಇಟ್ರೆ ಆಯ್ತು 😄

ಹಾರೆ_ಗುದ್ದಲಿ:

ನಾನು ಇದೇ ಕೆಲ್ಸ ಮಾಡೋನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಎಲ್ರೂ ಮೊದ್ಲು ಕೇಳೋದು ಯಾವ ಮೆಷಿನ್ ಅಂತ. ನಾನು ವಾಪಸ್ ಕೇಳೋದು, ತೆಗೆದಾದ್ಮೇಲೆ ಆ ಜಾಗದಲ್ಲಿ ಏನ್ ಬರತ್ತೆ ಅಂತ. ಅದಕ್ಕೆ ಉತ್ತರ ಗೊತ್ತಾಗದೆ ಮೆಷಿನ್ ಮಾತಾಡೋದ್ರಲ್ಲಿ ಅರ್ಥ ಇಲ್ಲ. ನಿಮ್ ಎರಡು ಬೊಡ್ಡೆಗೂ ಎರಡು ಬೇರೆ ಉತ್ತರ.

ಹಿತ್ತಲಿಂದು ಗ್ರೈಂಡರ್ ಕೆಲ್ಸ. ಗ್ರೈಂಡರ್ ಅಂದ್ರೆ ಒಂದು ದಪ್ಪ ಚಕ್ರ, ಅದರ ಸುತ್ತ ಕಾರ್ಬೈಡ್ ಹಲ್ಲು, ಜೋರಾಗಿ ತಿರುಗ್ತಾ ಎಡಕ್ಕೆ ಬಲಕ್ಕೆ ಓಡಾಡ್ಕೊಂಡು ಬೊಡ್ಡೆನ ಮೇಲಿಂದ ಸ್ವಲ್ಪ ಸ್ವಲ್ಪಾನೇ ಪುಡಿ ಮಾಡ್ತಾ ಇಳಿಯತ್ತೆ. ಸಾಮಾನ್ಯವಾಗಿ ನೆಲದಿಂದ ಕೆಳಗೆ 6ರಿಂದ 12 ಇಂಚು ಹೋಗ್ತಾರೆ. ಮೇಲೆ ಹುಲ್ಲು ಬೆಳೆಸೋದಾದ್ರೆ 6 ಇಂಚು ಸಾಕು, ಗಿಡ ಹಾಕೋದಾದ್ರೆ 12 ಇಂಚಾದ್ರೂ ಇಳಿಸಿ ಅನ್ನಿ. ಚಿಕ್ಕ ಮೆಷಿನ್‌ಗಳು ಮೂರಡಿ ಗೇಟಲ್ಲಿ ನುಗ್ಗತ್ತೆ, ಹಿತ್ತಲಿಗೆ ಹೋಗೋ ದಾರಿ ಮೊದ್ಲೇ ಅಳೆದಿಟ್ಕೊಳ್ಳಿ. ಅಗಲ ಹೇಳೋವಾಗ ಕಡಿದ ಮುಖ ಅಳೀಬೇಡಿ, ಮಣ್ಣಿಗೆ ತಾಗೋ ಕಡೆ ಬುಡ ಅಗಲ ಆಗಿರತ್ತಲ್ಲ ಅಲ್ಲಿ ಅಳೀರಿ, ರೇಟ್ ಹೇಳೋದು ಅದರ ಮೇಲೆ. ಮತ್ತೆ ಗ್ರೈಂಡರ್ ಬೇರು ತೆಗೆಯಲ್ಲ, ಬರೀ ಬೊಡ್ಡೆ ತೆಗೆಯತ್ತೆ. ಕೆಳಗಿರೋ ಬೇರು ಅಲ್ಲೇ ಉಳಿದು ವರ್ಷಗಟ್ಲೆ ಕೊಳೀತಾ ಇರತ್ತೆ. ಹಿತ್ತಲಲ್ಲಿ ಅದರಿಂದ ಏನೂ ತೊಂದ್ರೆ ಇಲ್ಲ.

ಅಂಗಡಿ ಮುಂದೆ ಇರೋದಕ್ಕೆ ಜೆಸಿಬಿ. ಸೊಂಟದೆತ್ತರ ಬಿಟ್ಟಿದಾರೆ ಅಂತ ಬೇಜಾರ್ ಮಾಡ್ಕೋಬೇಡಿ, ಅದು ಒಳ್ಳೇದೇ ಆಯ್ತು. ಆ ಎತ್ತರಾನೇ ಬಕೆಟ್ಟಿಗೆ ಹಿಡಿ ಆಗತ್ತೆ, ಮೇಲಿಂದ ತಳ್ಳಿದ್ರೆ ಕೆಳಗೆ ಬೇರು ಸಡಿಲ ಆಗತ್ತೆ. ದಯವಿಟ್ಟು ಜೆಸಿಬಿ ಬರೋಕ್ ಮುಂಚೆ ಯಾರಾದ್ರೂ ನೀಟಾಗಿರ್ಲಿ ಅಂತ ನೆಲಕ್ಕೆ ಸಮ ಮಾಡೋಕೆ ಬಂದ್ರೆ ಬೇಡ ಅನ್ನಿ.

ಎರಡಕ್ಕೂ ಮುಂಚೆ ಒಂದ್ ಕೆಲ್ಸ: ನೀರಿನ ಪೈಪು, ಕರೆಂಟ್ ಕೇಬಲ್ಲು, ಒಳಚರಂಡಿ, ಗ್ಯಾಸ್ ಲೈನ್ ಎಲ್ಲೆಲ್ಲಿ ಹೋಗಿದೆ ಅಂತ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿಸಿ. ಬೇರು ಪೈಪನ್ನ ಸುತ್ಕೊಂಡಿರೋದು ತುಂಬಾ ಸಾಮಾನ್ಯ, ಬೊಡ್ಡೆ ಎಳೆದ್ರೆ ಪೈಪೂ ಜೊತೇಲೇ ಬರತ್ತೆ.

ತೋಟದ_ಹುಚ್ಚು:

ಮೇಲಿನವರು ಹೇಳಿದ್ದು ಸರಿ, ಆದ್ರೆ ಬೇವಿಗೆ ಮೆಷಿನ್ನೇ ಬೇಕು ಅಂತಿಲ್ಲ, ಅವಸರ ಇಲ್ಲ ಅಂದ್ರೆ ಬೇರೆ ದಾರಿನೂ ಇದೆ.

ಕೆಂಪು ಚಿಗುರು ಬರ್ತಿದೆ ಅಂದ್ರೆ ನಿಮ್ ಬೊಡ್ಡೆ ಇನ್ನೂ ಜೀವಂತ ಇದೆ. ಬೇವು, ಹೊಂಗೆ, ನೀಲಗಿರಿ, ನುಗ್ಗೆ, ಸುಬಾಬುಲ್ ಇವೆಲ್ಲ ಕಡಿದಷ್ಟೂ ಚಿಗುರೋ ಜಾತಿ. ತೆಂಗಿನ ಮರ ಹಾಗಲ್ಲ, ಅದಕ್ಕೆ ಬೆಳೆಯೋ ಸುಳಿ ಒಂದೇ, ಅದು ಹೋದ್ರೆ ಮುಗೀತು, ತಾಯಿಬೇರೂ ಇಲ್ಲ, ಎಲ್ಲಾ ಹಗ್ಗದ ಹಾಗಿರೋ ತಂತುಬೇರು, ಅಗೆದು ತೆಗೆಯೋಕೆ ಅದ್ರಷ್ಟು ಸುಲಭ ಇನ್ನೊಂದಿಲ್ಲ. ಬೇವಲ್ಲಿ ಆ ಅದೃಷ್ಟ ಇಲ್ಲ. ಚಿಗುರು ಬಂದಾಗೆಲ್ಲ ಬುಡಕ್ಕೇ ಮುರೀತಾ ಇರಿ, ಎಲೆ ಬಲಿಯೋಕೆ ಬಿಡಬೇಡಿ. ಎಲೆ ಇಲ್ಲ ಅಂದ್ರೆ ಹೊಸ ಆಹಾರ ತಯಾರಾಗಲ್ಲ, ಬೇರಲ್ಲಿ ಕೂಡಿಟ್ಟಿರೋ ಪಿಷ್ಟ ಖರ್ಚಾಗ್ತಾ ಹೋಗಿ ಕೊನೆಗೆ ಸಾಯತ್ತೆ. ನಿಧಾನ, ಆದ್ರೆ ಕಾಸು ಖರ್ಚಿಲ್ಲ.

ಕಳೆನಾಶಕ ಹಚ್ಚೋರು ಇದಾರೆ. ಅದನ್ನ ಕಡಿದ ಕೆಲವೇ ನಿಮಿಷದಲ್ಲಿ ಹಚ್ಚಬೇಕು, ಅದೂ ಬೊಡ್ಡೆ ನಡುವೆ ಅಲ್ಲ, ನಡುವೆ ಇರೋದು ಸತ್ತ ಮರ. ತೊಗಟೆ ಒಳಗಡೆ ಅಂಟ್ಕೊಂಡಿರೋ ತೆಳು ಹಸಿ ಪದರ ಇದೆಯಲ್ಲ, ಜೀವ ಇರೋದು ಅಲ್ಲಿ. ನಿಮ್ಮದು ಕಡಿದು ದಿನ ಆಗಿದೆ, ಹಾಗಾಗಿ ಮೇಲಿಂದ ಒಂದು ಬಿಲ್ಲೆ ಹೊಸದಾಗಿ ಕೊಯ್ದು ಹಚ್ಚಬೇಕಾಗತ್ತೆ. ಪಕ್ಕದಲ್ಲೇ ಇನ್ನೊಂದು ಬೇವಿದ್ರೆ ಮಾತ್ರ ಆ ಕಡೆ ತಲೆ ಹಾಕ್ಬೇಡಿ. ಒಂದೇ ಜಾತಿ ಮರಗಳ ಬೇರು ಮಣ್ಣೊಳಗೆ ಕೂಡ್ಕೊಂಡಿರೋದುಂಟು, ಇಲ್ಲಿ ಹಚ್ಚಿದ್ದು ಅಲ್ಲಿ ಮರ ಒಣಗಿಸತ್ತೆ.

ಉಪ್ಪು, ಡೀಸೆಲ್, ಆಸಿಡ್ ಎಲ್ಲಾ ಮರೆತುಬಿಡಿ. ಬೊಡ್ಡೆ ಹೋಗಲ್ಲ, ಮಣ್ಣು ಹೋಗತ್ತೆ. ಉಪ್ಪು ಬಿದ್ದ ಜಾಗದಲ್ಲಿ ಆಮೇಲೆ ಹುಲ್ಲೂ ಸರಿಯಾಗಿ ಬರಲ್ಲ, ಡೀಸೆಲ್ ಇಂಗಿ ಬಾವಿ ಬೋರ್‌ವೆಲ್ ನೀರಿಗೆ ಸೇರೋ ಭಯ ಬೇರೆ.

ಸ್ಟಂಪ್ ರಿಮೂವರ್ ಅಂತ ಡಬ್ಬದಲ್ಲಿ ಬರತ್ತಲ್ಲ, ಅದರಲ್ಲಿ ಬಹುತೇಕ ಇರೋದು ಪೊಟ್ಯಾಸಿಯಂ ನೈಟ್ರೇಟ್, ಅಂದ್ರೆ ನಮ್ಮ ಪೆಟ್ಲುಪ್ಪು. ಅದು ಬೊಡ್ಡೆನ ಸಾಯಿಸೋದೂ ಇಲ್ಲ ಕರಗಿಸೋದೂ ಇಲ್ಲ. ಮರ ಕೊಳೆಸೋದು ಶಿಲೀಂಧ್ರ, ಅದಕ್ಕೆ ತೇವ ಬೇಕು ಗಾಳಿ ಬೇಕು ಸಾರಜನಕ ಬೇಕು, ಮರದಲ್ಲಿ ಸಾರಜನಕ ತೀರಾ ಕಮ್ಮಿ, ಅದನ್ನ ಇದು ಕೊಡತ್ತೆ ಅಷ್ಟೆ. ಒಂದಿಂಚಿನ ಡ್ರಿಲ್ ಬಿಟ್ ಹಾಕಿ ಎಂಟ್ಹತ್ತು ಇಂಚು ಆಳಕ್ಕೆ ತೂತು ಕೊರೆದು ತುಂಬಿಸಿ ನೀರು ಹಾಕಿ ಮುಚ್ಚಬೇಕು, ಅದೂ ಸತ್ತು ಒಣಗಿದ ಬೊಡ್ಡೆಗೆ, ಹಸಿ ಬೊಡ್ಡೆಗೆ ಸುರಿದ್ರೆ ದಂಡ. ಡಬ್ಬದ ಮೇಲೆ ವಾರಗಳ ಲೆಕ್ಕ ಬರೆದಿದ್ರೂ ತಿಂಗಳುಗಳು, ದೊಡ್ಡ ಬೊಡ್ಡೆ ಆದ್ರೆ ವರ್ಷಗಳೇ ಹಿಡಿಯತ್ತೆ. ನಾನಾದ್ರೆ ಅದೇ ತೂತಿಗೆ ಸ್ವಲ್ಪ ಯೂರಿಯಾ ಹಾಕಿ, ಮೇಲೆ ಒದ್ದೆ ಮಣ್ಣು ಗೊಬ್ಬರ ಮುಚ್ಚಿ, ತೇವ ಆರದ ಹಾಗೆ ನೋಡ್ಕೋತೀನಿ.

ಬೆಂಕಿ ಬಗ್ಗೆ ಕೇಳಿದ್ರಿ. ಮನೆ ಹತ್ರ ಅಂಗಡಿ ಹತ್ರ ಬೇಡವೇ ಬೇಡ. ಮೇಲೆ ಆರಿದ ಹಾಗೆ ಕಾಣತ್ತೆ, ಒಳಗೆ ಒಣಗಿದ ಬೇರು ಹಿಡ್ಕೊಂಡು ದಿನಗಟ್ಲೆ ಹೊಗೆಯಾಡ್ತಾ ಹೋಗಿ ಎಲ್ಲೋ ಒಂದ್ಕಡೆ ಮೇಲೇಳತ್ತೆ. ಪೆಟ್ಲುಪ್ಪು ತುಂಬಿದ ಬೊಡ್ಡೆಗೆ ಅಂತೂ ಬೆಂಕಿ ಇನ್ನೂ ಚೆನ್ನಾಗಿ ಹಿಡಿಯತ್ತೆ.

ಸೈಟ್_ಸೂಪರ್ವೈಸರ್:

ಹಿತ್ತಲ ಬಗ್ಗೆ ನನಗೇನೂ ತಕರಾರಿಲ್ಲ, ಕೊಳೆಯೋಕೆ ಬಿಡಿ. ಅಂಗಡಿ ಮುಂದಿನ ಜಾಗ ಮಾತ್ರ ಬೇರೆ ಕಥೆ, ಅಲ್ಲಿ ಕೊಳೆಯೋ ವಸ್ತು ಏನೂ ಉಳೀಬಾರದು. ಗ್ರೈಂಡ್ ಮಾಡಿಸಿ ಆ ಪುಡಿ ಮೇಲೇ ಮಣ್ಣೆಳೆದು ಪೇವರ್ ಹಾಕಿದ್ರೆ ಮೊದಲ್ನೇ ವರ್ಷ ಚೆನ್ನಾಗಿರತ್ತೆ, ಆಮೇಲೆ ಒಳಗೆ ಪುಡಿ ಕೊಳೆತು ಕುಗ್ಗಿ ಸರಿಯಾಗಿ ಅದೇ ಜಾಗದಲ್ಲಿ ತಗ್ಗು ಬೀಳತ್ತೆ, ಮಳೆ ಬಂದ್ರೆ ನೀರು ನಿಲ್ಲತ್ತೆ, ಕಾರ್ ಚಕ್ರ ಹತ್ತಿ ಇಳಿದು ಪೇವರ್ ಒಂದೊಂದೇ ಎದ್ದು ಬರತ್ತೆ. ಹಾಗಾಗಿ ಬೊಡ್ಡೆ ಜೊತೆ ದಪ್ಪ ಬೇರುಗಳನ್ನೂ ಎಳೆಸಿ. ಗುಲ್ಮೊಹರ್ ಬೇರು ಮೇಲ್ಮೇಲೆ ಓಡೋದ್ರಿಂದ ಹುಡುಕೋದು ಕಷ್ಟ ಇಲ್ಲ. ಹೊಂಡದಲ್ಲಿರೋ ಮರದ ಚೂರು ಎಲ್ಲಾ ಆಚೆ ಹಾಕಿ ಗರಸು ತುಂಬಿಸಿ. ಒಂದೇ ಸಲ ಸುರಿದು ಮೇಲೆ ಜೆಸಿಬಿ ಓಡಿಸಿದ್ರೆ ಮೇಲೆ ಮಾತ್ರ ಗಟ್ಟಿ ಆಗಿರತ್ತೆ. 6ರಿಂದ 8 ಇಂಚು ತುಂಬ್ಸು, ನೀರು ಚಿಮುಕಿಸು, ದಮ್ಮಸ್ ಹೊಡಿ (ಅಂದ್ರೆ ಗುದ್ದಿ ಗಟ್ಟಿ ಮಾಡು), ಮತ್ತೆ 6ರಿಂದ 8 ಇಂಚು, ಹೀಗೇ ಮೇಲೆ ಬರ್ಬೇಕು. ಕೆಲಸದವರು ಬೇಜಾರು ಮಾಡ್ಕೋತಾರೆ, ನಿಂತು ಮಾಡಿಸಿ.

ಸೆಕ್ಯೂರಿಟಿ ರೂಮ್ ಆ ಹೊಂಡದ ಮೇಲೇ ಬರತ್ತಾ ಪಕ್ಕದಲ್ಲಾ? ಎರೆ ಮಣ್ಣಾಗಿದ್ರೆ ಇನ್ನೊಂದು ವಿಷ್ಯ ಇದೆ, ಇದನ್ನ ಹೇಳೋರು ಕಮ್ಮಿ. ದೊಡ್ಡ ಮರ ಇರೋವರೆಗೂ ಅದು ಮಣ್ಣಿನ ನೀರು ಹೀರ್ತಾ ಇರತ್ತೆ, ಮಣ್ಣು ಕುಗ್ಗಿ ಕೂತಿರತ್ತೆ. ಮರ ಹೋದ್ಮೇಲೆ ಆ ನೀರು ಹೀರೋರಿಲ್ಲ, ಮಣ್ಣು ನಿಧಾನಕ್ಕೆ ತೇವ ವಾಪಸ್ ತಗೊಂಡು ಉಬ್ಬಕ್ಕೆ ಶುರು ಮಾಡತ್ತೆ. ಒಂದು ಮಳೆಗಾಲದಲ್ಲಿ ಮುಗಿಯೋದಲ್ಲ ಅದು, ಕೆಲವು ಕಡೆ ವರ್ಷಗಟ್ಲೆ ನಡೆಯತ್ತೆ. ಅದರ ಮೇಲೆ ಆಳ ಇಲ್ಲದ ಪಾಯ ಹಾಕಿ ರೂಮ್ ಕಟ್ಟಿದ್ರೆ ನೆಲ ಮೇಲೆದ್ದು ಗೋಡೆ ಬಿರುಕು ಬಿಡತ್ತೆ. ಕೆಂಪು ಮಣ್ಣಲ್ಲಿ ಈ ಕಾಟ ಅಷ್ಟಿಲ್ಲ. ಎರೆ ಅಂತಾದ್ರೆ ಪಾಯದ ಆಳ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಕೇಳಿ, ಆಗೋದಾದ್ರೆ ರೂಮನ್ನ ಮರ ಇದ್ದ ಜಾಗದಿಂದ ದೂರ ಇಡಿ.

ಹಿತ್ತಲ_ಮನೆ:

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಮಣ್ಣು ಎರೆನೇ, ಬೇಸಿಗೇಲಿ ಕೈ ತೂರೋಷ್ಟು ಬಿರುಕು ಬಿಡತ್ತೆ. ಸರಿ, ರೂಮನ್ನ ಇನ್ನೊಂದು ಮೂಲೆಗೆ ಹಾಕೋಣ, ಇಂಜಿನಿಯರ್ ಹತ್ರನೂ ಮಾತಾಡ್ತೀನಿ. ಹಿತ್ತಲಿಗೆ ಗ್ರೈಂಡರ್ ಹೋಗಲ್ಲ, ಸೈಡ್ ಪ್ಯಾಸೇಜ್ ಎರಡೂವರೆ ಅಡಿ, ಮಧ್ಯೆ ಮೂರು ಮೆಟ್ಟಿಲು. ಕೈಯಲ್ಲೇ ಅಗೆಸ್ಬೋದಾ? ಗೋಡೆಗೆ ಏನಾದ್ರೂ ಆಗತ್ತಾ? ಚಿಗುರು ಮುರ್ಕೊಂಡು ಕಾಯೋ ತಾಳ್ಮೆ ನಮ್ಮನೇಲಿ ಯಾರಿಗೂ ಇಲ್ಲ, ಅಮ್ಮಂಗೆ ಅಲ್ಲಿ ಬಟ್ಟೆ ಒಗೆಯೋ ಕಲ್ಲು ಬೇಕಂತೆ. ಗೆದ್ದಲು ಬಗ್ಗೆನೂ ಯಾರೂ ಹೇಳ್ಲಿಲ್ಲ.

ಹಾರೆ_ಗುದ್ದಲಿ:

ಅಗೆಸ್ಬೋದು, ಎರಡಡಿ ಬೊಡ್ಡೆ ಕೈಯಲ್ಲಿ ಬರತ್ತೆ, ಬೆವರು ಜಾಸ್ತಿ ಅಷ್ಟೆ.

ಬೊಡ್ಡೆಯಿಂದ ಎರಡಡಿ ಬಿಟ್ಟು ಸುತ್ತ ಕಾಲುವೆ ಥರ ತೋಡಿ, ಆಮೇಲೆ ಒಳಗಿನ ಮಣ್ಣು ಕೆರೀತಾ ಬನ್ನಿ. ಬೇರು ಕಂಡ ತಕ್ಷಣ ಕೊಡ್ಲಿ ಹಾಕ್ಬೇಡಿ, ಪೈಪ್ ನೀರು ಬಿಟ್ಟು ಮಣ್ಣು ಪೂರ್ತಿ ತೊಳೀರಿ, ಮಣ್ಣು ಕಲ್ಲು ತಾಗಿದ್ರೆ ಕೊಡ್ಲಿ ಬಾಯೂ ಹೋಗತ್ತೆ ಚೈನ್ ಸಾ ಹಲ್ಲೂ ಹೋಗತ್ತೆ. ಪ್ರತಿ ಬೇರನ್ನೂ ಎರಡು ಕಡೆ ಕಡೀಬೇಕು, ಬೊಡ್ಡೆ ಹತ್ರ ಒಂದು, ಮುಕ್ಕಾಲಡಿ ಆಚೆ ಇನ್ನೊಂದು, ಮಧ್ಯದ ತುಂಡು ಎತ್ತಿ ಬಿಸಾಕಿ. ಒಂದೇ ಕಡೆ ಕಡಿದ್ರೆ ಎರಡು ತುದಿ ಒಂದಕ್ಕೊಂದು ಕಚ್ಕೊಂಡು ಕೂತಿರತ್ತೆ, ಮುಂದಿನ ಬೇರಿಗೆ ಕೊಡ್ಲಿ ಬೀಸೋಕೂ ಜಾಗ ಇರಲ್ಲ. ಪಕ್ಕದ ಬೇರೆಲ್ಲ ಆದ್ಮೇಲೆ ಹಾರೆ ಕೊಟ್ಟು ಒಂದ್ಸಲ ಅಲ್ಲಾಡಿಸಿ ನೋಡಿ. ಎದುರುಗಡೆ ಮಣ್ಣು ಎಲ್ಲಾದ್ರೂ ಉಬ್ಬಿ ಬಂದ್ರೆ ಅಲ್ಲೊಂದು ಬೇರು ಇನ್ನೂ ಹಿಡ್ಕೊಂಡಿದೆ ಅಂತ. ಕೊನೆಗೆ ಉಳಿಯೋದು ತಾಯಿಬೇರು, ಅದಕ್ಕೆ ಬೊಡ್ಡೆನ ಒಂದು ಪಕ್ಕಕ್ಕೆ ವಾಲಿಸಿ ಅಡಿಯಿಂದ ಗರಗಸ ಹಾಕ್ಬೇಕು. ನಿಮ್ಮದು ನೆಲಕ್ಕೆ ಸಮ ಇರೋದ್ರಿಂದ ಹಿಡಿಯೋಕೆ ಏನೂ ಇಲ್ಲ, ಚೈನ್ ಪುಲ್ಲಿ ಇದ್ರೆ ಅನುಕೂಲ. ಕಾರಿಗೆ ಹಗ್ಗ ಕಟ್ಟಿ ಎಳೆಯೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಹಗ್ಗ ಕಿತ್ತು ಬಂದ್ರೆ ಹೊಡೆತ ತಡೆಯೋಕಾಗಲ್ಲ. ಪುಲ್ಲಿ ಎಳೆಯೋವಾಗ್ಲೂ ಚೈನಿನ ಸಾಲಲ್ಲಿ ಯಾರೂ ನಿಲ್ಲಬಾರ್ದು, ಮತ್ತೆ ಅದನ್ನ ಕಾಂಪೌಂಡಿಗೆ ಕಟ್ಬೇಡಿ.

ಗೋಡೆ ಕಡೆ ಹೋಗಿರೋ ಬೇರನ್ನ ಮೊದ್ಲು ಗರಗಸದಲ್ಲಿ ಕೊಯ್ದು ಬೊಡ್ಡೆಯಿಂದ ಬಿಡಿಸಿ, ಆಮೇಲೆ ಎಳೆಯೋದು. ಪಾಯದಡಿ ಹೋಗಿರೋ ಬೇರು ಬೊಡ್ಡೆ ಜೊತೆ ಎದ್ರೆ ಗೋಡೇನೂ ಎತ್ತತ್ತೆ. ಪಾಯದ ಕೆಳಗಿನ ತುಂಡು ಅಲ್ಲೇ ಇರ್ಲಿ, ಅದನ್ನ ಹುಡುಕ್ಕೊಂಡು ಪಾಯದ ಮಣ್ಣು ಬಗೀಬೇಡಿ. ಜೆಸಿಬಿಯವನಿಗೂ ಅಂಗಡಿ ಮೆಟ್ಟಿಲು ಕಡೆ ಇದೇ ಮಾತು ಹೇಳಿ.

ಗೆದ್ದಲು ಸತ್ತ ಬೊಡ್ಡೆಗೆ ಬರೋದು ಸಾಮಾನ್ಯ, ಅದು ಅದರ ಊಟ. ಬಂತು ಅಂದ್ರೆ ಮನೆಗೂ ಬಂತು ಅಂತೇನಿಲ್ಲ, ಆದ್ರೆ ಬಾಗ್ಲು ಚೌಕಟ್ಟು ಹತ್ರ ಇದ್ರೆ ಗೋಡೆ ಮೇಲೆ ಮಣ್ಣಿನ ಗೆರೆ ಏಳತ್ತಾ ಅಂತ ನೋಡ್ತಾ ಇರಿ. ಅಗೆದು ತೆಗೆಯೋದ್ರಿಂದ ನಿಮಗೆ ಆ ಚಿಂತೆ ಬಹುಪಾಲು ಕಮ್ಮಿ.

ಅಂಗಡಿ ಕೆಲ್ಸ ಒಪ್ಪಿಸೋವಾಗ ನಾಲ್ಕು ಮಾತು ಬರ್ಸ್ಕೊಳ್ಳಿ: ಎಷ್ಟು ಆಳಕ್ಕೆ ತೆಗೀತಾರೆ, ಎಳೆದ ಬೊಡ್ಡೆ ಯಾರು ಸಾಗಿಸ್ತಾರೆ, ಹೊಂಡ ಯಾರು ತುಂಬ್ತಾರೆ, ಪೈಪ್ ಕೇಬಲ್ ಕಿತ್ತೋದ್ರೆ ಯಾರ ಜವಾಬ್ದಾರಿ. ಎರಡನೇದನ್ನ ಎಲ್ರೂ ಮರೀತಾರೆ, ಬೇರು ಮಣ್ಣು ಸಮೇತ ಅದು ಒಂದು ಲೋಡ್ ಆಗತ್ತೆ, ಅಂಗಡಿ ಮುಂದೆ ತಲೆಕೆಳಗಾಗಿ ಬಿದ್ದಿರತ್ತೆ. ಗಿರಾಕಿಗಳು ಇಲ್ಲದ ಹೊತ್ತಲ್ಲಿ ಮಾಡಿಸಿ, ಸುತ್ತ ಟೇಪ್ ಕಟ್ಟಿಸಿ.

ತೋಟದ_ಹುಚ್ಚು:

ಒಗೆಯೋ ಕಲ್ಲು ಹೊಂಡದ ಮೇಲೇ ಕೂರ್ಸ್ಬೇಡಿ, ಮಣ್ಣು ಒಂದು ಮಳೆಗಾಲ ಕೂತ್ಕೊಳ್ಲಿ. ಅಲ್ಲೀವರೆಗೂ ಅಮ್ಮಂಗೆ ಪಕ್ಕದಲ್ಲಿ ಜಾಗ ಮಾಡ್ಕೊಡಿ.