ಕಮ್ಮಿ ಖರ್ಚಲ್ಲಿ ಕಸ್ಟಮರ್ ಸರ್ವೆ ಮಾಡೋದು ಹೆಂಗೆ? ಕಾಫಿಪುಡಿ ಅಂಗಡಿಗೆ

ಹುರಿದಪುಡಿ:
ಎಲ್ರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನಮ್ದೊಂದು ಸಣ್ಣ ಕಾಫಿಪುಡಿ ಅಂಗಡಿ, ಹುರಿಯೋದು ಪುಡಿ ಮಾಡೋದು ಎಲ್ಲ ನಾವೇ. ಈಗ 70:30 ಮಿಕ್ಸೇ (70 ಕಾಫಿ, 30 ಚಿಕೋರಿ) ಜಾಸ್ತಿ ಹೋಗೋದು, 85:15 ಒಂದು ತರೋಣ ಅಂತ ಆಸೆ ಆದ್ರೆ ರೇಟು ಏರುತ್ತೆ, ಜನ ತಗೋತಾರೋ ಇಲ್ವೋ ತಿಳೀತಿಲ್ಲ. ಒಂದು ಏಜೆನ್ಸಿಯವ್ರು ಸರ್ವೆಗೆ 80 ಸಾವಿರ ಅಂದ್ರು, ಅಷ್ಟಿದ್ರೆ ನಾನು ಗ್ರೈಂಡರೇ ಬದಲಾಯಿಸ್ತಿದ್ದೆ. ಕೊನೆಗೆ ನಾನೇ 18 ಪ್ರಶ್ನೆ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಬ್ರಾಡ್‌ಕಾಸ್ಟಲ್ಲಿ 200 ಜನಕ್ಕೆ ಬಿಟ್ಟೆ, ಬಂದಿದ್ದು 11 ಉತ್ತರ, ಅದ್ರಲ್ಲಿ 4 ನೆಂಟ್ರದ್ದು, ಎಲ್ಲಾದ್ರಲ್ಲೂ "ತುಂಬಾ ಚೆನ್ನಾಗಿದೆ". ಏನ್ಮಾಡ್ಲಿ?

ಗಾಳಿಬೀಡು ಹೋಂಸ್ಟೇ:
ಮೊದ್ಲು ಒಂದು ವಿಷ್ಯ, ಬ್ರಾಡ್‌ಕಾಸ್ಟ್ ಮೆಸೇಜ್ ಹೋಗೋದು ನಿಮ್ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ, ಹಂಗಾಗಿ 200 ಜನಕ್ಕೆ ತಲುಪಿರೋದೇ ಡೌಟು. ಮತ್ತೆ 18 ಪ್ರಶ್ನೆ ಯಾರ್ರೀ ತುಂಬ್ತಾರೆ, ನಮ್ ಕಡೆ ನೆಟ್‌ವರ್ಕಲ್ಲಿ ಪೇಜ್ ಓಪನ್ ಆಗೋದೇ ದೊಡ್ಡದು.
ನಾನೂ ಮೊದ್ಲು ಚೆಕೌಟ್ ಟೈಮಲ್ಲಿ "ಹೆಂಗಿತ್ತು ಸಾರ್" ಅಂತ ಕೇಳ್ತಿದ್ದೆ. ಎಲ್ರೂ ಸೂಪರ್ ಅಂದು ಕೈ ಕುಲುಕಿ ಹೋಗೋರು, ಮನೆ ಮುಟ್ಟಿದ್ಮೇಲೆ ಬಿಸಿನೀರು ಬರ್ಲಿಲ್ಲ ಅಂತ ಗೂಗಲ್‌ನಲ್ಲಿ ಎರಡು ಸ್ಟಾರ್. ಈಗ ಒಂದೇ ಪ್ರಶ್ನೆ: "ರಾತ್ರಿ ನಮ್ಮನ್ನ ಕರೀಬೇಕು ಅನ್ಸಿ ಸುಮ್ನಾಗಿದ್ದು ಯಾವ್ದಕ್ಕೆ?" ಚೀಟಿ, ಪೆನ್ಸಿಲ್ಲು, ಒಂದು ಡಬ್ಬ, ಹೆಸರು ಬೇಡ. ಜೂನಲ್ಲಿ ಚೀಟಿಗೂ ಬೂಷ್ಟು ಹಿಡೀತು, ಅದು ಬಿಡಿ. ಆದ್ರೆ ಚಾರ್ಜಿಂಗ್ ಪಾಯಿಂಟ್ ಮಂಚದಿಂದ ದೂರ ಅನ್ನೋದು ನಂಗೆ ಗೊತ್ತಾಗಿದ್ದೇ ಆ ಡಬ್ಬದಿಂದ.

ಲೆಕ್ಕದಮೇಷ್ಟ್ರು:
11 ಉತ್ತರ ಕಮ್ಮಿ ಅನ್ನೋದಕ್ಕಿಂತ ಯಾರ್ದು ಅನ್ನೋದು ನೋಡಿ. ಪುಸ್ತಕದ ಪ್ರಕಾರ ಸರ್ವೆ ಲೆಕ್ಕ ನಿಜಕ್ಕಿಂತ 5% ಆಚೀಚೆ ಒಳಗೇ ಇರ್ಬೇಕಂದ್ರೆ 385 ಜನ ಬೇಕು, 10% ಸಾಕಂದ್ರೆ ನೂರರ ಹತ್ರ, ಆದ್ರೆ ಈ ಲೆಕ್ಕ ನಡೆಯೋದು ಯಾರನ್ನ ಬೇಕಾದ್ರೂ ಚೀಟಿ ಎತ್ತಿದಂಗೆ ಆರಿಸಿದ್ರೆ ಮಾತ್ರ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನಕ್ಕೆ ಕಾರ್ಡ್ ಕಳ್ಸಿ 20 ಲಕ್ಷಕ್ಕೂ ಮೇಲೆ ಉತ್ತರ ತರಿಸ್ಕೊಂಡು ಅಧ್ಯಕ್ಷರ ಚುನಾವಣೇಲಿ ಲ್ಯಾಂಡನ್ ಗೆಲ್ತಾರೆ ಅಂತು, ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಹೊಡ್ಕೊಂಡ್ರು. ವಿಳಾಸ ಎತ್ಕೊಂಡಿದ್ದು ಫೋನ್ ಡೈರೆಕ್ಟರಿ, ಕಾರ್ ಇಟ್ಟೋರ ಪಟ್ಟಿಯಿಂದ, ಸಾಲದ್ದಕ್ಕೆ ಉತ್ತರ ಬರೆಯೋ ಉಮೇದು ಇದ್ದೋರೇ ಬರೆದ್ರು. ನಿಮ್ ನೆಂಟ್ರದ್ದೂ ಅದೇ ಕಥೆ.
ರೇಟಿಗೆ ವಾನ್ ವೆಸ್ಟೆನ್‌ಡಾರ್ಪ್ ಅನ್ನೋರು 1976ರಲ್ಲಿ ಕೊಟ್ಟ ನಾಲ್ಕು ಪ್ರಶ್ನೆ ಇದೆ, ಬಿಟ್ಟಿ ವಿಧಾನ. ಕಾಲು ಕೆಜಿ ಎಷ್ಟಿದ್ರೆ ಕಲಬೆರಕೆ ಅನ್ನೋ ಅನುಮಾನ ಬರುತ್ತೆ, ಎಷ್ಟಕ್ಕೆ ಒಳ್ಳೇ ರೇಟು, ಎಷ್ಟಾದ್ರೆ ದುಬಾರಿ ಆದ್ರೂ ಯೋಚ್ನೆ ಮಾಡ್ಬೋದು, ಎಷ್ಟಾದ್ರೆ ಬೇಡ್ವೇ ಬೇಡ. "85:15 ತಂದ್ರೆ ತಗೋತೀರಾ" ಅಂತ ಮಾತ್ರ ಕೇಳ್ಬೇಡಿ, ಹೂಂ ಅನ್ನೋಕೆ ಯಾರಿಗೂ ದುಡ್ಡು ಹೋಗಲ್ಲ.

ಸುಂಟಿಕೊಪ್ಪದವ:
ಇಷ್ಟೆಲ್ಲ ಯಾಕೆ ಮಾರಾಯ್ರೇ. ಸಂತೆ ದಿನ ಎರಡು ಫ್ಲಾಸ್ಕ್ ಇಡಿ, ಒಂದಕ್ಕೆ ಕೆಂಪು ದಾರ ಒಂದಕ್ಕೆ ಹಸಿರು, ಯಾವ್ದರಲ್ಲಿ ಯಾವ್ದು ಅಂತ ಕೊಡೋ ಹುಡುಗಂಗೂ ಹೇಳ್ಬೇಡಿ. ರುಚಿ ಹೆಂಗಿದೆ ಅಂತಾನೂ ಕೇಳೋದು ಬೇಡ, ಲೋಟದಲ್ಲಿ ಎಷ್ಟು ಉಳಿಸಿದ್ರು ನೋಡಿ. ಆಮೇಲೆ 50 ಗ್ರಾಂ ಪ್ಯಾಕೆಟ್ ದುಡ್ಡಿಗೇ ಮಾರಿ, ಎರಡ್ನೇ ಸಲ ಯಾರು ಬಂದ್ರು ಅಂತ ಬರ್ಕೊಳಿ. ಟೂರಿಸ್ಟ್ ಲೆಕ್ಕ ಬೇರೆ ಪುಸ್ತಕ, ಊರವ್ರ ಲೆಕ್ಕ ಬೇರೆ, ಟೂರಿಸ್ಟ್‌ಗಳು ಒಂದ್ಸಲ ಒಯ್ದು ಹೋಗೋರು. ವಾಟ್ಸಾಪ್ ಗ್ರೂಪಲ್ಲಿ ಪೋಲ್ ಹಾಕ್ಬೇಡಿ, ಯಾರು ಯಾವ್ದಕ್ಕೆ ಒತ್ತಿದ್ರು ಅಂತ ಹೆಸರು ಕಾಣುತ್ತೆ, ಎದುರಾಎದುರು ಬೇಡ ಅನ್ನೋ ಧೈರ್ಯ ನಮ್ಮೂರಲ್ಲಿ ಯಾರಿಗಿದೆ.

ಗಾಳಿಬೀಡು ಹೋಂಸ್ಟೇ:
ಬಿಟ್ಟು ಹೋದೋರಿಗೂ ಫೋನ್ ಮಾಡಿ ನೋಡಿ. ಬೈಸ್ಕೊಳೋಕೆ ರೆಡಿ ಇರಿ 😄

ಹುರಿದಪುಡಿ:
ಎರಡು ವಾರ ಆಯ್ತು, ಅಪ್‌ಡೇಟ್. ಫ್ಲಾಸ್ಕ್ ಟೆಸ್ಟ್ ಅರ್ಧಕ್ಕೇ ನಿಂತೋಯ್ತು, ಹಾಲು ಒಡೀತು, ಮುಂದಿನ ಸಂತೆಗೆ ಇನ್ನೊಮ್ಮೆ. ಆದ್ರೆ ಹಳೇ ಸಾಲದ ಪುಸ್ತಕ ತೆಗೆದು ಈಗ ಬರದೇ ಇರೋ 9 ಜನಕ್ಕೆ ಫೋನ್ ಮಾಡ್ದೆ, ಸಾಲ ಕೇಳೋಕೆ ಅಂದ್ಕೊಂಡು ಇಬ್ರು ಎತ್ಲಿಲ್ಲ. ಎತ್ತಿದೋರಲ್ಲಿ ನಾಲ್ಕು ಜನ ಹೇಳಿದ್ದು ಒಂದೇ, "ನಿಮ್ ಪುಡಿ ಈಚೆಗೆ ತುಂಬ ನುಣ್ಣಗೆ, ಫಿಲ್ಟರಲ್ಲಿ ಡಿಕಾಕ್ಷನ್ ಇಳಿಯೋದೇ ಇಲ್ಲ, ಬೆಳಿಗ್ಗೆ ಮಕ್ಕಳನ್ನ ಬಸ್ಸಿಗೆ ಹತ್ತಿಸೋ ಹೊತ್ತಲ್ಲಿ ಯಾರು ಕಾಯ್ತಾರೆ". ನನ್ 18 ಪ್ರಶ್ನೇಲಿ ಪುಡಿ ದಪ್ಪನೋ ನುಣ್ಣಗೋ ಅನ್ನೋದು ಒಂದೂ ಇರ್ಲಿಲ್ಲ. ಚಿಕೋರಿ ಆಮೇಲೆ ನೋಡೋಣ, ಇವತ್ತು ಗ್ರೈಂಡರ್ ಬಿಚ್ಚಿದೀನಿ.