ಜಾಝ್ ಬಾಸ್: ಒಂದು ಪಿಕಪ್ ತಗ್ಗಿಸಿದರೆ ಗುಂಯ್‌ಗುಡುವುದೇಕೆ?

ಪ್ರಶ್ನೆ (ಕಾರವಾರ):
ನನ್ನ ಜಾಝ್ ಬಾಸ್ ಎಂಬ ಎಲೆಕ್ಟ್ರಿಕ್ ಬಾಸ್ ಗಿಟಾರ್‌ನಲ್ಲಿ ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಒಂದರಂತೆ ಇರುವ ಎರಡೂ ವಾಲ್ಯೂಮ್ ಗುಂಡಿಗಳನ್ನು ಪೂರ್ತಿ ತೆರೆದಾಗ ಸದ್ದು ಶುಭ್ರವಾಗಿರುತ್ತದೆ. ಒಂದನ್ನು ತಗ್ಗಿಸಿದೊಡನೆ ಗುಂಯ್ ಎಂಬ ಗುನುಗು ಏಳುತ್ತದೆ. ಈ ಮಳೆಗಾಲದ ನಂತರ ಗುಂಡಿ ತಿರುಗಿಸುವಾಗ ಕರಕರ ಸದ್ದೂ ಸೇರಿಕೊಂಡಿದೆ. ಪಿಕಪ್ ಕೆಟ್ಟಿದೆಯೇ?

ಉತ್ತರ (ಶಿರಸಿ):
ಗುನುಗು ದೋಷವಲ್ಲ. ಒಂಟಿ ಸುರುಳಿಯ ಪಿಕಪ್ ತಂತಿಯ ಕಂಪನದ ಜೊತೆಗೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುನುಗನ್ನೂ ಹಿಡಿಯುತ್ತದೆ. ಜಾಝ್ ಬಾಸ್‌ನ ಎರಡು ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಸುರುಳಿಯ ದಿಕ್ಕೂ ಆಯಸ್ಕಾಂತದ ಧ್ರುವವೂ ಪರಸ್ಪರ ವಿರುದ್ಧವಾಗಿರುವುದರಿಂದ, ಎರಡೂ ಸಮನಾಗಿ ತೆರೆದಿದ್ದಾಗ ಗುನುಗುಗಳು ಒಂದನ್ನೊಂದು ಅಳಿಸಿಹಾಕುತ್ತವೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. 1957ರಲ್ಲಿ ಪ್ರಿಸಿಷನ್ ಬಾಸ್ ಎಂಬ ಇನ್ನೊಂದು ಮಾದರಿಗೆ ಬಂದ ಇಬ್ಭಾಗದ ಪಿಕಪ್‌ನಲ್ಲಿರುವುದೂ ಇದೇ ಉಪಾಯ. ನನಗಂತೂ ಅದು ಬಹಳ ಸೊಗಸಾದ ಯೋಚನೆಯೆನಿಸುತ್ತದೆ. ತಂತಿ ಮುಟ್ಟಿದಾಗ ಗುನುಗು ಹೆಚ್ಚಿದರೆ ಮಾತ್ರ ಅರ್ತಿಂಗ್ ಪರೀಕ್ಷಿಸಿ.

ಉತ್ತರ (ಕುಮಟಾ):
ಕರಕರ ಸದ್ದಿಗೆ ನಮ್ಮ ಕರಾವಳಿಯ ಉಪ್ಪುಗಾಳಿಯೇ ಕಾರಣವಿರಬಹುದು. ನನ್ನ ಬಾಸ್‌ನ ಫಲಕ ಬಿಚ್ಚಿದಾಗ ಕೇಬಲ್ ಸಿಕ್ಕಿಸುವ ಜಾಕ್‌ನ ನಾಲಿಗೆಯ ಮೇಲೆ ಹಸಿರು ಕಿಲುಬು ಹಿಡಿದಿತ್ತು. ವಾಲ್ಯೂಮ್ ಪಾಟ್‌ನೊಳಗೆ (ಗುಂಡಿಯ ಕೆಳಗಿರುವ, ತಿರುಗಿಸಿದಂತೆ ಬದಲಾಗುವ ರೋಧಕ) ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಆಮೇಲೂ ಸಂಶಯವಿದ್ದರೆ ಪಿಕಪ್‌ನ ವೈರನ್ನು ಪಾಟ್‌ನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ: ಸುಮಾರು 7ರಿಂದ 8 ಕಿಲೋ ಓಮ್ ಬಂದರೆ ಸುರುಳಿ ಸರಿಯಿದೆ, ಏನೂ ತೋರಿಸದಿದ್ದರೆ ತುಂಡಾಗಿದೆ.

ಪ್ರಶ್ನೆ ಕೇಳಿದವರು:
ಜಾಕ್‌ನಲ್ಲಿ ಕಿಲುಬು ಇದ್ದದ್ದು ನಿಜ. ಒರೆಸಿ, ಕ್ಲೀನರ್ ಹಾಕಿದ ಮೇಲೆ ಕರಕರ ನಿಂತಿದೆ, ಪಿಕಪ್‌ಗಳೆರಡೂ 7.5ರ ಆಸುಪಾಸಿನಲ್ಲಿವೆ.