ಪಾತ್ರೆಯ ತಳದ ಬಿಳಿ ಪುಡಿ: ಭಾನುವಾರದ ನೀರಿನ ಪ್ರಶ್ನೋತ್ತರ

ನೀರು ಮೇಡಂ: ನಮಸ್ಕಾರ. ನೀರು ಪರೀಕ್ಷಾ ಪ್ರಯೋಗಾಲಯದಿಂದ ನಿವೃತ್ತಳಾದವಳು. ಇಂದು ಹನ್ನೊಂದರವರೆಗೆ ಉತ್ತರಿಸುತ್ತೇನೆ. ವರದಿಯಿದ್ದರೆ ಅಂಕಿಗಳನ್ನು ಬರೆಯಿರಿ. ‘ನೀರು ಸರಿಯಿಲ್ಲ’ ಎಂದಷ್ಟೇ ಬರೆದರೆ ನನಗೇನೂ ತಿಳಿಯುವುದಿಲ್ಲ.

ಕೋಟೆ ಬೀದಿ: ನಲ್ಲಿಯಲ್ಲಿ ಬೋರ್ ನೀರು ಬಿಟ್ಟ ದಿನ ಕುಕ್ಕರ್ ಐದು ಸಲ ಕೂಗಿದರೂ ತೊಗರಿಬೇಳೆ ಬೇಯುವುದಿಲ್ಲ. ಕುಡಿದರೆ ತೊಂದರೆಯೇ?

ನೀರು ಮೇಡಂ: ಅದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಮಳೆ ನೀರು ಹಿಡಿದಿಟ್ಟಿದ್ದರೆ ಅದರಲ್ಲಿ ಬೇಯಿಸಿ ನೋಡಿ. ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಊರಿನಲ್ಲಿ 600ರವರೆಗೆ ನಡೆಯುತ್ತದೆ. ಆ ಮಿತಿಯೊಳಗೆ ಕೆಡುವುದು ಗೀಸರ್ ಮತ್ತು ಸೋಪಿನ ಖರ್ಚು, ಆರೋಗ್ಯವಲ್ಲ.

ಬೇಕರಿ: ಪಟಿಕ ತಿರುವಿದರೆ ಗಡಸು ಹೋಗುತ್ತದೆಯೇ?

ನೀರು ಮೇಡಂ: ಇಲ್ಲ. ಪಟಿಕದಿಂದ ಕೆಸರು ತಳಕ್ಕೆ ಕೂರುತ್ತದೆ, ಅಷ್ಟೆ.

ಹೊಸ ಬಡಾವಣೆ: ಕಂಪನಿಯವನು ಮನೆಗೆ ಬಂದು ಎರಡು ಲೋಟಗಳಿಗೆ ಕಂಬಿ ಇಳಿಸಿ ಕರೆಂಟ್ ಕೊಟ್ಟ. ನಮ್ಮ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು, ಅವನ ಆರ್‌ಒ ನೀರು ಹಾಗೆಯೇ ಇತ್ತು. ಹೆದರಿ ಮುಂಗಡ ಕೊಟ್ಟೆವು.

ನೀರು ಮೇಡಂ: ಆ ಬಣ್ಣ ನಿಮ್ಮ ನೀರಿನದಲ್ಲ, ಅವನ ಕಬ್ಬಿಣದ ಕಂಬಿಯದು. ನೀರಿನಲ್ಲಿ ಲವಣವಿದ್ದರೆ ಕರೆಂಟ್ ಹರಿದು ಕಂಬಿ ಕರಗುತ್ತದೆ. ಮತ್ತೆ ಬಂದರೆ ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಅದೂ ಕಂದಾಗುತ್ತದೆ.

ಗಾಂಧಿನಗರದ ಅಜ್ಜಿ: ಬಾಣಂತನಕ್ಕೆ ಮಗಳು ಬಂದಿದ್ದಾಳೆ. ಮಗುವಿಗೆ ಎರಡೂವರೆ ತಿಂಗಳು, ಹಾಲು ಸಾಲದೆ ಪುಡಿ ಹಾಲು ಕೊಡುತ್ತಿದ್ದೇವೆ. ಬೋರ್ ನೀರನ್ನು ಅರ್ಧ ಗಂಟೆ ಕುದಿಸುತ್ತೇನೆ. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಮಗುವಿಗೆ ಕಲ್ಲಾಗುತ್ತದೆಯೇ? ಹೋದ ತಿಂಗಳ ವರದಿ: ಟಿಡಿಎಸ್ (ಕರಗಿರುವ ಒಟ್ಟು ಲವಣ) 910, ಗಡಸುತನ 520, ಫ್ಲೋರೈಡ್ 0.9, ನೈಟ್ರೇಟ್ 98.

ನೀರು ಮೇಡಂ: ಅಮ್ಮ, ಬಿಳಿ ಪುಡಿಯನ್ನು ಮರೆತುಬಿಡಿ. ಅದು ಸುಣ್ಣದ ಅಂಶ, ಸೋಸಿದರಾಯಿತು. ನಾನು ಬೆಚ್ಚಿದ್ದು ಕೊನೆಯ ಸಾಲಿಗೆ. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಗಡಸುತನಕ್ಕಿರುವಂಥ ರಿಯಾಯಿತಿ ಇದಕ್ಕಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ಐದು ಲೀಟರ್ ಕುದಿದು ನಾಲ್ಕಕ್ಕೆ ಇಳಿದರೆ 98 ಇದ್ದದ್ದು ಸುಮಾರು 122 ಆಗುತ್ತದೆ. ಎಚ್ಚರಿಕೆಯೆಂದು ನೀವು ಮಾಡುತ್ತಿರುವುದೇ ಅದನ್ನು ಏರಿಸುತ್ತಿದೆ. ಆರು ತಿಂಗಳೊಳಗಿನ ಕೂಸಿನ ದೇಹದಲ್ಲಿ ಅದು ನೈಟ್ರೈಟ್ ಆಗಿ, ರಕ್ತ ಆಮ್ಲಜನಕವನ್ನು ಹೊರುವುದಕ್ಕೆ ಅಡ್ಡಿಯಾಗುತ್ತದೆ. ತುಟಿ, ಉಗುರು ನೀಲಿಯಾಗಿ ಕಂಡರೆ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಓಡಿ. ಕಾಣದಿದ್ದರೂ ಈ ವರದಿಯನ್ನು ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಮಲ, ಸಗಣಿಯಿಂದಲೂ ನೈಟ್ರೇಟ್ ನೆಲದೊಳಗಿನ ನೀರಿಗೆ ಇಳಿಯುತ್ತದೆ. ಬೋರ್‌ವೆಲ್‌ನಿಂದ ಶೌಚದ ಗುಂಡಿ, ಕೊಟ್ಟಿಗೆ ಎಷ್ಟು ದೂರ?

ಗಾಂಧಿನಗರದ ಅಜ್ಜಿ: ಗುಂಡಿ ಹದಿನೈದು ಅಡಿ. ಪಕ್ಕದಲ್ಲಿ ಎರಡು ಎಮ್ಮೆ ಕಟ್ಟುತ್ತಾರೆ. ಆದರೆ ನೀರು ತಿಳಿಯಾಗಿದೆ, ವಾಸನೆಯಿಲ್ಲ.

ನೀರು ಮೇಡಂ: ನೈಟ್ರೇಟ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಿವೃತ್ತ ಮೇಷ್ಟ್ರು: ನುಗ್ಗೆ ಬೀಜ ಅರೆದು ತಾಮ್ರದ ಕೊಡದಲ್ಲಿಟ್ಟರೆ ಸಕಲ ವಿಷವೂ ಹೋಗುತ್ತದೆಂದು ಸಂದೇಶ ಬಂದಿದೆ. ಎಲ್ಲರಿಗೂ ಹಂಚಿದ್ದೇನೆ.

ನೀರು ಮೇಡಂ: ನುಗ್ಗೆ ಬೀಜ ಕೆಸರಿಗೆ. ತಾಮ್ರ ಕೆಲವು ಬ್ಯಾಕ್ಟೀರಿಯಾಗಳಿಗೆ. ನೈಟ್ರೇಟ್‌ಗೆ ಎರಡೂ ಏನೂ ಮಾಡುವುದಿಲ್ಲ. ಕೂಸಿನ ವಿಷಯ ನಡೆಯುತ್ತಿದೆ, ದಯವಿಟ್ಟು ಅಳಿಸಿ.

ನಿವೃತ್ತ ಮೇಷ್ಟ್ರು: ನಾವು ಕಲ್ಯಾಣಿಯ ನೀರು ಕುಡಿದು ಎಪ್ಪತ್ತೆರಡು ದಾಟಿದ್ದೇವೆ.

ಬೇಕರಿ: ಆ ಕಲ್ಯಾಣಿಗೆ ಈಗ ಕೋಳಿ ಪುಕ್ಕ ಸುರಿಯುತ್ತಾರೆ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು: ಸುರಿಯುವವರು ಯಾರೆಂದು ಬಾಯಿ ಬಿಡಿಸಬೇಡಿ.

ಬೇಕರಿ: ಹೇಳಿ, ಕೇಳೋಣ. ನನ್ನ ಅಂಗಡಿಯಲ್ಲಿ ಕೋಳಿಯೇ ಇಲ್ಲ.

ಹೊಸ ಬಡಾವಣೆ: ಇಬ್ಬರೂ ನಿಲ್ಲಿಸಿ. ಮೇಡಂ, ಮುಂಗಡ ವಾಪಸ್ ಬರುತ್ತದೆಯೇ?

ಕಾಲೇಜು ರಸ್ತೆ: ಗಡಸು ನೀರಿನಿಂದ ಕೂದಲು ಉದುರುತ್ತದೆಯೇ?

ಕೋಟೆ ಬೀದಿ: ಐದು ರೂಪಾಯಿ ನಾಣ್ಯದ ಘಟಕದ ನೀರನ್ನು ಮಗುವಿಗೆ ಕೊಡಬಹುದಲ್ಲವೇ? ನನ್ನ ಟಿಡಿಎಸ್ ಮೀಟರ್‌ನಲ್ಲಿ 60 ತೋರಿಸುತ್ತದೆ.

ನೀರು ಮೇಡಂ: ಮೀಟರ್ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ. ಅದರಲ್ಲಿ ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು, ಕ್ರಿಮಿ ಇದೆಯೇ ಎಂಬುದನ್ನು ಹೇಳುವುದಿಲ್ಲ. ಪಾವಗಡ, ಮುಂಡರಗಿ ಕಡೆ ಫ್ಲೋರೈಡ್‌ನಿಂದ ಹಲ್ಲು ಕಂದಾದವರ ನೀರೂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆರ್‌ಒ ಸರಿಯಾಗಿದ್ದರೆ ನೈಟ್ರೇಟ್ ಇಳಿಯುತ್ತದೆ. ಘಟಕದವರಲ್ಲಿ ಇತ್ತೀಚಿನ ವರದಿ ಕೇಳಿ, 45ರೊಳಗಿದ್ದರೆ ಒಂದು ಕುದಿ ಬರಿಸಿ ಆರಿಸಿ ಬಳಸಲಿ. ಗಡಸುತನ ಇಳಿಸುವ ಸಾಫ್ಟ್‌ನರ್, ಕ್ಯಾಂಡಲ್ ಫಿಲ್ಟರ್, ಕ್ಲೋರಿನ್‌ನಿಂದ ನೈಟ್ರೇಟ್ ಹೋಗುವುದಿಲ್ಲ.

ಬಸ್‌ ನಿಲ್ದಾಣ: ಪಟಿಕ ಹಾಕಿದರೆ ಗಡಸು ನೀರು ಮೆತ್ತಗಾಗುತ್ತದಂತೆ, ನಿಜವೇ?

ನೀರು ಮೇಡಂ: ಮೇಲೆ ಓದಿ.

ನಿವೃತ್ತ ಮೇಷ್ಟ್ರು: ಪ್ರಶ್ನೆ ಕೇಳಿದವರಿಗೆ ಹೀಗೆ ಉತ್ತರಿಸುವುದೇ? ಸಂಬಳ ತಿಂದವರಿಗೆ ಸ್ವಲ್ಪ ತಾಳ್ಮೆ ಇರಬೇಕು.

ನೀರು ಮೇಡಂ: ಸಂಬಳ ನಿಂತು ಆರು ವರ್ಷವಾಯಿತು, ಮೇಷ್ಟ್ರೇ. ನುಗ್ಗೆ ಬೀಜದ ಸಂದೇಶ ಇನ್ನೂ ಅಲ್ಲಿಯೇ ಇದೆ.

ಗಾಂಧಿನಗರದ ಅಜ್ಜಿ: ತುಟಿ ಕೆಂಪಗೇ ಇದೆ. ಅಳಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಾರೆ. ಆ ನೀರಿನಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದೇ?

ನೀರು ಮೇಡಂ: ಮಾಡಿಸಬಹುದು, ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಆ ಬೋರ್ ನೀರನ್ನು ಇನ್ನೆಷ್ಟು ಮನೆಯವರು ಬಳಸುತ್ತಾರೆ?

ಬೇಕರಿ: ಗೀಸರ್‌ಗೆ ಯಾವ ಕಂಪನಿ ಒಳ್ಳೆಯದು?

ಗಾಂಧಿನಗರದ ಅಜ್ಜಿ: ನಾಲ್ಕು ಮನೆ. ಎದುರು ಮನೆಯ ಸೊಸೆಗೆ ಈಗ ಎಂಟು ತಿಂಗಳು.

ನೀರು ಮೇಡಂ: ವರದಿ ತೆಗೆದುಕೊಂಡು ಅವರ ಮನೆಗೆ ಹೋಗಿ. ಸಂದೇಶ ಕಳುಹಿಸಬೇಡಿ, ಎದ್ದು ಹೋಗಿ ಹೇಳಿ.